ಲಾಭ, ಎರಡು, ಮೂರು

ಟೈರು ರಿಸೋಲಿನ ಅಂಗಡಿಯ ಮೇಲೆ ನಮ್ಮ ಆಫೀಸು.
ಕೆಳಗೆ ಬೆಂದ ರಬ್ಬರಿನ ನಾತ. ಮೇಲೆ ನಾನು, ತಿಪ್ಪೇಶಿ,
ಮತ್ತು ಮೂರು ದಿನದಿಂದ ಖಾಲಿಯಿರುವ ಒಂದು ಚೌಕ:
‘ದರ’ ಎಂಬ ಪದದ ಮುಂದೆ ಮಿಣುಕುವ ಕಡ್ಡಿ.

ಮಂಡಕ್ಕಿ ಭಟ್ಟಿಗಳ ಲೆಕ್ಕಕ್ಕೆಂದು ಬರೆದದ್ದು ಇದು.
ಭತ್ತ ಬಂದದ್ದು, ಚೀಲ ಹೋದದ್ದು, ಹೊಟ್ಟಿನ ಟ್ರ್ಯಾಕ್ಟರು,
ಗುರುವಾರದ ಬಟವಾಡೆ, ಹುಬ್ಬಳ್ಳಿಯವರ ಹಳೇ ಬಾಕಿ,
ಎಲ್ಲ ಫೋನಿನಲ್ಲೇ. ಬರೆಯಲು ಹದಿನಾಲ್ಕು ತಿಂಗಳು ಹಿಡಿಯಿತು.
ಬೆಲೆ ಹೇಳಲು ಮಾತ್ರ ಬಾಯಿ ಬರುತ್ತಿಲ್ಲ.

ಬಳಸುವವರ ತಲೆ ಎಣಿಸೋಣ, ಎಂದ ತಿಪ್ಪೇಶಿ.
ಎಣಿಸಿದೆವು. ಎಂಟು ಭಟ್ಟಿ, ಎಂಟೇ ತಲೆ!
ಫಕ್ರುದ್ದೀನ್ ಸಾಹೇಬರು ಒಂದೇ ಗಳಿಗೆಯಲ್ಲಿ
ಗೋದಾಮಿನಲ್ಲಿ ಚೀಲ ಎಣಿಸಿದರು,
ರಾಣೆಬೆನ್ನೂರಿನಲ್ಲಿ ಭತ್ತ ಕೊಂಡರು,
ಮನೆಯಲ್ಲಿ, ಸೊಸೆಯ ಬೆರಳಲ್ಲಿ, ಬಟವಾಡೆ ಬರೆದರು.
ಪಾಸ್‌ವರ್ಡು ಗೋಡೆಯ ಮೇಲಿತ್ತು, ಇದ್ದಿಲಿನಲ್ಲಿ.

ಹಾಗಾದರೆ ಚೀಲಕ್ಕೆ ನಾಲ್ಕಾಣೆ, ಎಂದೆ ನಾನು.
ನ್ಯಾಯ ಅನ್ನಿಸಿತ್ತು. ದೊಡ್ಡ ಭಟ್ಟಿಗೆ ದೊಡ್ಡದು, ಸಣ್ಣದಕ್ಕೆ ಸಣ್ಣದು.
ಎರಡನೇ ವಾರಕ್ಕೆ ಚೀಲಗಳೇ ಮಾಯ.
ಹೊಗೆ ಏಳುತ್ತಿದೆ, ಲಾರಿ ತುಂಬುತ್ತಿದೆ,
ನನ್ನ ಪರದೆಯ ಮೇಲೆ ಮಾತ್ರ ಊರಿಗೆ ಊರೇ ಉಪವಾಸ.
ನಿಜ ಬರೆದರೆ ದುಡ್ಡು, ಬರೆಯದಿದ್ದರೆ ಪುಕ್ಕಟೆ:
ಲೆಕ್ಕದ ಪುಸ್ತಕಕ್ಕೆ ನಾನೇ ಸುಳ್ಳು ಕಲಿಸಿದ್ದೆ.

ಮೊದಲು ಪುಕ್ಕಟೆ ಕೊಡೋಣ, ಆಮೇಲೆ ಕೇಳೋಣ.
‘ಆಮೇಲೆ’ ಅನ್ನುವುದು ಯಾವ ತಿಂಗಳು, ತಿಪ್ಪೇಶಿ?
ನಮ್ಮ ಸರ್ವರು ಇರುವುದು ಮೋಡದಲ್ಲಂತೆ.
ದಾವಣಗೆರೆಯ ಮೇಲಿನ ಮೋಡ
ಇದುವರೆಗೆ ಯಾರನ್ನೂ ಬಾಡಿಗೆ ಕೇಳಿದ್ದಿಲ್ಲ;
ಇದು ಕೇಳುತ್ತದೆ, ಒಂದನೇ ತಾರೀಖು, ಡಾಲರಿನಲ್ಲಿ.

ಮುನ್ನೂರ ತೊಂಬತ್ತೊಂಬತ್ತು ಎಂದೂ ಬರೆದು ನೋಡಿದೆ.
“ಆ ಒಂದ್ ರೂಪಾಯಿಗೆ ಏನ್ ಕೊಡ್ತೀಯಮ್ಮಾ,
ಪೆಪ್ಪರಮೆಂಟಾ?” ಎಂದರು ಸಾಹೇಬರು.

ಆಜಾದ್ ನಗರದ ಕೊನೆಗೆ ಚಮನ್‌ಬಿಯ ಭಟ್ಟಿ.
ಒಂದೇ ಒಲೆ, ಒಂದೇ ಬಾಣಲೆ, ಕಾದ ಮರಳು.
ನಾನು ಹೋದಾಗ ಗಿರಾಕಿಗೆ ಅಳೆಯುತ್ತಿದ್ದಳು.
ಮಂಡಕ್ಕಿಯನ್ನು ಅವಳು ತೂಗುವುದಿಲ್ಲ;
ತೂಗಿದರೆ ತಕ್ಕಡಿಗೇ ನಗು.
ಸೇರು ತುಂಬಿ, ಅಂಗೈಯಿಂದ ಸವರಿ,
ಲಾಭ, ಎಂದಳು. ಎರಡು. ಮೂರು. ನಾಲ್ಕು.
‘ಒಂದು’ ಎಂಬ ಅಂಕಿ ಅವಳ ಬಾಯಲ್ಲೇ ಇಲ್ಲ.
ಗಿರಾಕಿ ಚೀಲದ ಬಾಯಿ ಮುಚ್ಚದೆ ನಿಂತೇ ಇದ್ದ.
ಅವಳು ಅವನ ಮುಖ ನೋಡದೆಯೇ
ಇನ್ನೊಂದು ಹಿಡಿ ಎಸೆದಳು. ಕೊಸರು.

“ಆ ಹಿಡಿಗೆ ದರ ಎಷ್ಟು?” ಎಂದೆ.
“ದರ ಇದ್ರೆ ಅದು ಕೊಸರು ಹ್ಯಾಂಗಾತವ್ವಾ?”
ಒಲೆಗೆ ಹೊಟ್ಟು ತಳ್ಳಿ, ಕಣ್ಣೊರೆಸಿಕೊಂಡು, ತಡೆದು:
“ಆದ್ರ ಸೇರಿನ ರೇಟ್ನಾಗ ಅದು ಮೊದ್ಲೇ ಕುಂತೈತಿ, ನೋಡು.”

ಆ ರಾತ್ರಿ ಚೌಕದಲ್ಲಿ ಬರೆದೆ:
ಹೊತ್ತಿದ ಒಲೆಗೆ, ತಿಂಗಳಿಗೆ, ನಾನೂರು.
ಜನ ಎಷ್ಟಾದರೂ ಬರಲಿ, ಅವರವರ ಹೆಸರಿನಲ್ಲೇ ಬರಲಿ.
ಚೀಲ ಎಷ್ಟಾದರೂ ಬರೆಯಲಿ.
ಹೊಟ್ಟು ನೆಂದು ಒಲೆ ಆರಿದ ತಿಂಗಳು ಕೇಳುವುದಿಲ್ಲ.
ಆ ನಾನೂರರಲ್ಲಿ ಚಮನ್‌ಬಿಯ ಹಿಡಿಯೂ ಇದೆ,
ಎಷ್ಟು ಪಾಲು ಅಂತ ತಿಪ್ಪೇಶಿಗೆ ಹೇಳಲಿಲ್ಲ.

“ಒಲೆ ಹೊತ್ತಿದೆಯೋ ಇಲ್ಲವೋ
ನಮಗೆ ಹೇಗೆ ಗೊತ್ತಾಗಬೇಕು?” ಎಂದ ಬೆಳಿಗ್ಗೆ.
ಕೋಡು ಬರೆಯಬಹುದಿತ್ತು ಅದಕ್ಕೂ.
ನಾನು ಕಿಟಕಿ ತೆರೆದೆ.
ಹಳಿಗಳಾಚೆ, ಸೂರುಗಳ ಮೇಲೆ,
ನೆಟ್ಟಗೆ ಎದ್ದ ಕಪ್ಪು ಗೀಟುಗಳು.
ಬೆರಳು ಚಾಚಿ ಎಣಿಸತೊಡಗಿದೆ,
ಲಾಭ, ಎರಡು, ಮೂರು…
ಎಂಟನೆಯದು ಭಟ್ಟಿಯದೋ ಬೇಕರಿಯದೋ
ತಿಳಿಯಲಿಲ್ಲ.
ಇರಲಿ, ಅದು ಕೊಸರು.